ತುತ್ತೂರಿ ಊದದ ಒಂದು ವಾರ

"ಈ ವಾರ ನಾನೊಂದು ಒಳ್ಳೇ ಕೆಲಸ ಮಾಡ್ತೀನಿ. ಯಾರಿಗೂ ಹೇಳಲ್ಲ!"

ಹೀಗೆಂದು ಬೀಗದಣ್ಣ ಭಾನುವಾರ ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೊಂದು ಜನರಿಗೆ ಹೇಳಿ ಮುಗಿಸಿದ್ದ. ಚರ್ಚಿನ ಮೆಟ್ಟಿಲ ಮೇಲೆ ನಾಲ್ವರಿಗೆ, ಬಸ್ ಸ್ಟಾಪಿನಲ್ಲಿ ಇಬ್ಬರಿಗೆ, ಪೇಪರ್ ಅಂಗಡಿಯವನಿಗೆ, ತಾನಿದ್ದ ಕಟ್ಟಡದ ಗೇಟಿನಲ್ಲಿ ಕೂತಿದ್ದ ಕಾವಲಿನ ತಾತನಿಗೆ, ಮೆಟ್ಟಿಲಲ್ಲಿ ಎದುರಾದ ಕಟ್ಟಡದ ಸೆಕ್ರೆಟರಿ ದಂಪತಿಗೆ, ಕೊನೆಗೆ ಸ್ವಂತ ಹೆಂಡತಿಗೆ.

ಹೆಂಡತಿ ತಟ್ಟೆ ಇಡುತ್ತಾ ಕೇಳಿದಳು. "ಹೇಳಲ್ಲ ಅಂತ ಹೇಳೋಕೇ ಇಷ್ಟು ಜನ ಬೇಕಾದ್ರೆ, ಹೇಳ್ತೀನಿ ಅಂತ ಹೊರಟಿದ್ರೆ ಎಷ್ಟು ಜನ ಬೇಕಾಗ್ತಿತ್ತೋ?"

ಬೀಗದಣ್ಣನ ಅಂಗಡಿ ದೊಡ್ಡ ರಸ್ತೆಯ ಮೂಲೆಯಲ್ಲಿತ್ತು. ಬೀಗ ರಿಪೇರಿ, ಕೀಲಿ ಮಾಡುವುದು, ಕೀಲಿ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡವರನ್ನು ಉದ್ಧಾರ ಮಾಡುವುದು, ಇದು ಅವನ ಕಸುಬು. ಕೈಯಲ್ಲಿ ನಿಜವಾಗಿಯೂ ಕಸುಬಿತ್ತು, ಅದರಲ್ಲಿ ಎರಡು ಮಾತಿಲ್ಲ. ಅವನಿಂದ ಹಾಕಲಾಗದ ಬೀಗ ಜಗತ್ತಿನಲ್ಲಿ ಒಂದೇ ಒಂದಿತ್ತು, ಅದು ಅವನ ಬಾಯಿಗೆ ಹಾಕಬೇಕಾದದ್ದು. ಹಿಂದಿನ ವರ್ಷ ಚರ್ಚಿನ ಗೇಟಿಗೆ ಒಂದು ಬೀಗ ಪುಕ್ಕಟೆ ಕೊಟ್ಟವನು, ಆಮೇಲೆ ಆರು ತಿಂಗಳು ಪ್ರತಿ ಭಾನುವಾರ ಆರಾಧನೆ ಮುಗಿದ ಕೂಡಲೇ ನಾಲ್ಕು ಜನರ ಮಧ್ಯೆ ನಿಂತು, ಆರಾಧನೆ ನಡೆಸುವ ಸಭಾಪಾಲಕರನ್ನು "ಹೇಗಿದೆ ಪಾಲಕರೇ, ನಮ್ಮ ಬೀಗ?" ಎಂದು ಕೇಳುತ್ತಿದ್ದ. ಏಳನೇ ತಿಂಗಳು ಪಾಲಕರು ಹಿಂದಿನ ಬಾಗಿಲಿನಿಂದ ಮನೆಗೆ ಹೋಗಲು ಕಲಿತರು.

ಆ ಪಾಲಕರೇ ಈ ಭಾನುವಾರದ ಉಪದೇಶದಲ್ಲಿ, ಒಳ್ಳೆಯದು ಮಾಡುವಾಗ ಮುಂದೆ ತುತ್ತೂರಿ ಊದಿಸಿಕೊಂಡು ಹೋಗಬಾರದು, ಬಲಗೈ ಮಾಡಿದ್ದು ಎಡಗೈಗೂ ಗೊತ್ತಾಗಬಾರದು ಎಂಬ ಯೇಸುವಿನ ಬೋಧನೆಯನ್ನು ವಿವರಿಸಿದ್ದರು. "ಕೇಳಿದರೆ ಸಾಲದು, ಈ ವಾರ ಮಾಡಿ ತೋರಿಸಿ" ಎಂದವರು ನಾಲಿಗೆ ಕಚ್ಚಿಕೊಂಡು, "ತೋರಿಸಬೇಡಿ, ಮಾಡಿ. ಅದೂ ನಿಮಗೆ ಕಂಡರಾಗದವರಿಗೇ ಮಾಡಿ" ಎಂದು ತಿದ್ದಿಕೊಂಡಿದ್ದರು. ಹೇಳುವಾಗ ಅವರು ತನ್ನ ಕಡೆಗೇ ಮೂರು ಸಲ ನೋಡಿದರು ಎಂದು ಬೀಗದಣ್ಣ ಎಣಿಸಿದ್ದ.

"ನೋಡ್ತಾ ಇರು! ಮುಂದಿನ ಭಾನುವಾರದವರೆಗೆ ಈ ಬಾಯಿಂದ ಒಂದಕ್ಷರ ಬಂದ್ರೆ ಕೇಳು!"

"ಅಲ್ಲಿವರೆಗೆ ತಡ್ಕೊಂಡ್ರೆ ನಿಮ್ಮ ತುತ್ತೂರಿ ನಾನೇ ಊದ್ತೀನಿ ರೀ" ಎಂದಳು ಹೆಂಡತಿ. ಬೀಗದಣ್ಣನಿಗೆ ರೋಷ ಉಕ್ಕಿತು. ಪ್ರಪಂಚವೇ ತಲೆಕೆಳಗಾದರೂ ಸರಿ, ಈ ವಾರ ಬಾಯಿ ಬಿಡುವುದಿಲ್ಲ ಎಂದು ಅನ್ನದ ತಟ್ಟೆಯ ಮುಂದೆ ಶಪಥ ಮಾಡಿದ.

ಕಂಡರಾಗದವರು ಯಾರು ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿರಲಿಲ್ಲ. ನೆತ್ತಿಯ ಮೇಲೆಯೇ ಇದ್ದರು. ಅವನದು ಮೊದಲನೇ ಮಹಡಿ; ಎರಡನೇ ಮಹಡಿಯಲ್ಲಿ, ಸರಿಯಾಗಿ ಅವನ ಮನೆಯ ಮೇಲೆ, ನರ್ಸಮ್ಮ ಒಬ್ಬರೇ ಇದ್ದರು. ಮೂವತ್ತೈದು ವರ್ಷ ಆಸ್ಪತ್ರೆಯಲ್ಲಿ ದುಡಿದು ನಿವೃತ್ತರಾದವರು. ಆಸ್ಪತ್ರೆ ಬಿಟ್ಟರೂ ಗದರುವುದನ್ನು ಬಿಟ್ಟಿರಲಿಲ್ಲ. ಎರಡು ವರ್ಷದ ಹಿಂದೆ ಒಂದು ಭಾನುವಾರ ಬೀಗದಣ್ಣ ಬಾಲ್ಕನಿಯಲ್ಲಿ ಕೂತು ಅರದಿಂದ ಕೀಲಿ ಉಜ್ಜುತ್ತಿದ್ದಾಗ ಅವರು ದಡದಡ ಕೆಳಗಿಳಿದು ಬಂದಿದ್ದರು.

"ವಿಶ್ರಾಂತಿಯ ದಿನ ಅಂತ ಒಂದಿದೆ, ಗೊತ್ತಾ?"

"ಎತ್ತು ಬಾವಿಗೆ ಬಿದ್ರೆ ವಿಶ್ರಾಂತಿಯ ದಿನಾನೂ ಎತ್ತಬಹುದು ಅಂತ ಸತ್ಯವೇದದಲ್ಲೇ ಇದೆ."

"ಇಲ್ಲಿ ಎತ್ತು ಬಿದ್ದಿಲ್ಲ. ಆರಾಮಾಗಿ ಕೂತ್ಕೊಂಡು ಕಿರುಚ್ತಾ ಇದೆ!"

ಎತ್ತು ಎಂದರೆ ಯಾರೆಂದು ಬೀಗದಣ್ಣನಿಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಅರ್ಥವಾದ ಮೇಲೆ, "ನಿಮ್ಮ ಬಾಗಿಲು ಕಿತ್ತು ಬಿದ್ರೂ ನಾನು ಮುಟ್ಟಲ್ಲ!" ಎಂದು ಕೂಗಿದ. "ನೀವು ಮುಟ್ಟದೇ ಇರ್ಲಿ ಅಂತಾನೇ ಬಾಗಿಲು ಹಾಕ್ಕೋತೀನಿ!" ಎಂದು ಉತ್ತರ ಬಂತು. ಅಂದಿನಿಂದ ಇಬ್ಬರೂ ಮೆಟ್ಟಿಲಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಿದ್ದರು.

ಮಾತು ಬಾಯಿಂದ ಬಿದ್ದ ತಿಂಗಳಲ್ಲೇ ನರ್ಸಮ್ಮನ ಬಾಗಿಲ ಬೀಗ ಕೆಟ್ಟಿತು! ಸಂಜೆ ಐದಕ್ಕೆ ವಾಕಿಂಗ್ ಹೋಗಿ ಆರಕ್ಕೆ ಬರುವ ನರ್ಸಮ್ಮ ಅಂದಿನಿಂದ ದಿನವೂ ಬಾಗಿಲ ಜೊತೆ ಕುಸ್ತಿಗೆ ಇಳಿದರು. ಕೀಲಿ ತಿರುಗಿಸುವುದು, ಹಿಡಿಕೆಯನ್ನು ಮೇಲಕ್ಕೆಳೆಯುವುದು, ಮೊಣಕಾಲಿನಿಂದ ಕದ ಎತ್ತುವುದು, ಆಮೇಲೆ ಎರಡು ಹೆಜ್ಜೆ ಹಿಂದೆ ಬಂದು ಭುಜ ಕೊಟ್ಟು ಗುದ್ದುವುದು. ಢಬ್! ಢಬ್! ಕೆಳಗೆ ಕುರ್ಚಿಯಲ್ಲಿ ಒರಗಿದ ಬೀಗದಣ್ಣನಿಗೆ ಅದು ಸಂಜೆಯ ಸಂಗೀತ ಕಚೇರಿ. ಢಬ್ ಢಬ್ ಶುರುವಾಗುವ ಹೊತ್ತಿಗೆ ಸರಿಯಾಗಿ ಹೆಂಡತಿ ಬುಟ್ಟಿ ಎತ್ತಿಕೊಂಡು, ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿಬಿಡುತ್ತಿದ್ದಳು. ಪಾಪ, ಅವಳಿಗೆ ಆ ಸದ್ದು ಆಗಿಬರುವುದಿಲ್ಲ ಎಂದುಕೊಂಡಿದ್ದ ಬೀಗದಣ್ಣ.

ಆ ಭಾನುವಾರ ಸಂಜೆ ಮಾತ್ರ ಸಂಗೀತ ಹಿಡಿಸಲಿಲ್ಲ. ಅರುವತ್ತು ದಾಟಿದ ಹೆಂಗಸು ಬಾಗಿಲಿಗೆ ಭುಜ ಕೊಡುವುದನ್ನು ಎರಡು ವರ್ಷ ಕೇಳಿ ಖುಷಿಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಆ ಬೀಗವನ್ನು ತಾನೇ, ಯಾರಿಗೂ ತಿಳಿಯದ ಹಾಗೆ, ಸರಿ ಮಾಡುವುದೆಂದು ಗಟ್ಟಿ ಮನಸ್ಸು ಮಾಡಿದ.

ಬುಧವಾರ ಹೆಂಡತಿಗೆ ಹೆಂಗಸರ ಪ್ರಾರ್ಥನಾ ಕೂಟವಿತ್ತು. ಬೀಗದಣ್ಣ ನಾಲ್ಕೂವರೆಗೇ ಅಂಗಡಿ ಮುಚ್ಚಿ, ಬೈಬಲ್ ಚೀಲದಲ್ಲಿ ಸ್ಕ್ರೂಡ್ರೈವರ್, ಅರ, ಎಣ್ಣೆ ಡಬ್ಬಿ ತುಂಬಿಕೊಂಡು ಬಂದ.

"ಏನಣ್ಣ, ಇಷ್ಟು ಬೇಗ?" ಎಂದ ಗೇಟಿನ ತಾತ.

"ಕೆಲಸ ಇದೆ ತಾತ. ಏನು ಅಂತ ಮಾತ್ರ ಕೇಳ್ಬೇಡ!"

ಐದು ಗಂಟೆಗೆ ನರ್ಸಮ್ಮನ ಚಪ್ಪಲಿ ಸದ್ದು ಕೆಳಗಿಳಿದು ಹೋಯಿತು. ಎರಡನೇ ಮಹಡಿಯ ಎದುರು ಮನೆ ಖಾಲಿ ಬಿದ್ದಿತ್ತು. ಬೀಗದಣ್ಣ ಬಾಗಿಲ ಮುಂದೆ ಮಂಡಿಯೂರಿದ. ಒಂದು ನಿಮಿಷ ನಲವತ್ತು ಸೆಕೆಂಡಿನಲ್ಲಿ ಬೀಗ ತೆರೆಯಿತು! ಎರಡು ವರ್ಷ ಒಬ್ಬ ನರ್ಸನ್ನು ಕುಣಿಸಿದ ಬೀಗ! ಹೆಮ್ಮೆಯಿಂದ ಹಿಂದೆ ತಿರುಗಿ ನೋಡಿದ. ನೋಡುವವರು ಯಾರೂ ಇರಲಿಲ್ಲ. ಗುಟ್ಟಾಗಿ ಒಳ್ಳೆಯದು ಮಾಡುವುದರ ಕಷ್ಟ ಏನೆಂದು ಅವನಿಗೆ ಮೊದಲ ಸಲ ಗೊತ್ತಾಯಿತು.

ಒಳಗಿನ ಸ್ಪ್ರಿಂಗ್ ಮುರಿದಿತ್ತು. ಅದನ್ನು ತೆಗೆದು ಜೇಬಿಗೆ ಹಾಕಿಕೊಂಡು, ತನ್ನಲ್ಲಿದ್ದ ಒಳ್ಳೆಯ ಸ್ಪ್ರಿಂಗನ್ನೇ ಕೂರಿಸಿದ. ಜೋತುಬಿದ್ದ ಕದವನ್ನು ಎತ್ತಿ ಸ್ಕ್ರೂ ಬಿಗಿಮಾಡಿದ. ಕೀಲುಗಳಿಗೆ ಎಣ್ಣೆ ಬಿಟ್ಟ. ಹೊಸ್ತಿಲು ಮಾತ್ರ ದಾಟಲಿಲ್ಲ. ಕೊನೆಗೆ ಕಿರುಬೆರಳಿನಿಂದ ತಳ್ಳಿದರೆ ಕದ ಸದ್ದಿಲ್ಲದೆ ಜಾರಿತು. ಜೀವಮಾನದಲ್ಲಿ ಅಷ್ಟು ಚೆಂದದ ಕೆಲಸ ಮಾಡಿರಲಿಲ್ಲ. ಬೀಗದಣ್ಣನ ಕಣ್ಣಲ್ಲಿ ನೀರು ಬಂತು. ಮತ್ತೆ ಬೀಗ ಹಾಕಿ ಕೆಳಗಿಳಿದ.

ಆರು ಗಂಟೆ. ಹೆಂಡತಿ ಆಗತಾನೇ ಕೂಟದಿಂದ ಬಂದು ಬುಟ್ಟಿ ಹುಡುಕುತ್ತಿದ್ದಳು. ಬೀಗದಣ್ಣ ಟೀ ಹಿಡಿದು ಕುರ್ಚಿಯಲ್ಲಿ ಕೂತು ಕಿವಿ ನಿಮಿರಿಸಿದ. ಚಪ್ಪಲಿ ಸದ್ದು ಮೇಲೆ ಹೋಯಿತು. ಕೀಲಿ ತಿರುಗಿತು. ಎರಡು ಹೆಜ್ಜೆ ಹಿಂದಕ್ಕೆ ಬಂದ ಸದ್ದು ಕೇಳಿತು. ಆಗ ಬೀಗದಣ್ಣನಿಗೆ ಇದ್ದಕ್ಕಿದ್ದಂತೆ ಏನೋ ಹೊಳೆಯಿತು, ಆದರೆ ಹೊತ್ತು ಮೀರಿತ್ತು.

ಧಡಾರ್!

ಎರಡು ವರ್ಷದ ಅಭ್ಯಾಸದಂತೆ ಮೊಣಕಾಲು ಎತ್ತಿ, ಭುಜ ಕೊಟ್ಟು, ಮೈಯ ಭಾರವನ್ನೆಲ್ಲ ಹಾಕಿ ನುಗ್ಗಿದ ನರ್ಸಮ್ಮ, ಕಿರುಬೆರಳಿಗೆ ತೆರೆಯುವ ಬಾಗಿಲಿನ ಮೂಲಕ ಹಾರಿ, ನಡುಮನೆಯಲ್ಲಿದ್ದ ಕುರ್ಚಿ ದಾಟಿ, ಬಟ್ಟೆ ಒಣಹಾಕುವ ಸ್ಟ್ಯಾಂಡನ್ನು ಅಪ್ಪಿಕೊಂಡು ಬಿದ್ದಿದ್ದರು!

ಎಲ್ಲರಿಗಿಂತ ಮೊದಲು ಮೇಲಕ್ಕೆ ಓಡಿದವಳು ಬೀಗದಣ್ಣನ ಹೆಂಡತಿ. ಅವಳು ನೇರ ಒಳಗೆ ಹೋಗಿ, ಟೀವಿ ಕೆಳಗಿನ ಎರಡನೇ ಡ್ರಾಯರ್ ಎಳೆದು, ಬ್ಯಾಂಡೇಜು ತೆಗೆದು, ಉಳುಕಿದ ಮಣಿಕಟ್ಟಿಗೆ ಸುತ್ತತೊಡಗಿದಳು. ಬ್ಯಾಂಡೇಜು ಅಲ್ಲಿದೆ ಎಂದು ಅವಳಿಗೆ ಹೇಗೆ ಗೊತ್ತು ಎಂದು ಕೇಳಿಕೊಳ್ಳುವ ಸ್ಥಿತಿಯಲ್ಲಿ ಬೀಗದಣ್ಣ ಇರಲಿಲ್ಲ.

"ಕಳ್ಳ! ಯಾರೋ ನನ್ನ ಬೀಗ ಮುಟ್ಟಿದ್ದಾರೆ!" ಎಂದು ನರ್ಸಮ್ಮ ಕೂಗುತ್ತಿದ್ದರು.

"ಏನೇನು ಹೋಗಿದೆ?" ಸೆಕ್ರೆಟರಿ ಏದುಸಿರು ಬಿಡುತ್ತಾ ಕೇಳಿದರು.

"ಏನೂ ಹೋಗಿಲ್ಲ!"

"ಹಾಗಾದ್ರೆ?"

"ಅದಕ್ಕೇ ಭಯ! ಇವತ್ತು ಏನೂ ಒಯ್ಯದವನು ಇನ್ನೊಂದಿನ ಬರ್ತಾನೆ ಅಂತ ತಾನೇ?"

ಅಷ್ಟರಲ್ಲಿ ಕಟ್ಟಡದವರೆಲ್ಲ ಸೇರಿದ್ದರು. "ಬೀಗದಣ್ಣ, ಕಸುಬು ಬಲ್ಲವರು ನೀವು. ನೋಡಿ ಹೇಳಿ" ಎಂದರು ಸೆಕ್ರೆಟರಿ. ನರ್ಸಮ್ಮ ಮುಖ ತಿರುಗಿಸಿಕೊಂಡರು. ಬೀಗದಣ್ಣ ತಾನೇ ಮಾಡಿದ ಕೆಲಸದ ಮುಂದೆ ಪರೀಕ್ಷಕನಾಗಿ ಮತ್ತೆ ಮಂಡಿಯೂರಿದ. ಸುಳ್ಳು ಹೇಳುವಂತಿಲ್ಲ, ಗುಟ್ಟು ಬಿಡುವಂತಿಲ್ಲ.

"ಯಾರೋ ಬಿಚ್ಚಿದ್ದಾರೆ. ನಿಜ."

ಅಲ್ಲಿಗೇ ನಿಲ್ಲಿಸಿದ್ದರೆ ಅವನ ಗಂಟೇನೂ ಹೋಗುತ್ತಿರಲಿಲ್ಲ. ಆದರೆ ಕಣ್ಣೆದುರಿಗೆ ಅಂಥ ಕೆಲಸ! ನಾಲಿಗೆ ತುರಿಸಿತು.

"ಕೆಲಸ ಅಂದ್ರೆ ಇದು ನೋಡಿ! ಒಂದು ಗೀರಿಲ್ಲ, ಒಂದು ಸ್ಕ್ರೂ ಸೊಟ್ಟ ಇಲ್ಲ. ಇಂಥ ಕೈ ಸಾವಿರಕ್ಕೊಬ್ಬನಿಗೆ ಇರತ್ತೆ. ಇಂಥ ಬೀಗ ತೆಗೆಯೋಕೆ ಅವನಿಗೆ ಒಂದು ನಿಮಿಷ ನಲವತ್ತು ಸೆಕೆಂಡು ಸಾಕು!"

ಸೆಕ್ರೆಟರಿಯವರ ಹೆಂಡತಿ ಗೋಡೆ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ನಾಲ್ಕು ಮನೆಯವರು ಹೆಚ್ಚಿನ ಬೀಗ ಹಾಕಿಕೊಡಿ ಎಂದು ಅವನ ಬಾಗಿಲಿಗೆ ಬಂದರು.

"ಬೇಡ ಬಿಡಿ, ಆ ಕಳ್ಳ ಮತ್ತೆ ಬರಲ್ಲ" ಎಂದ ಬೀಗದಣ್ಣ.

"ನಿಮಗೆ ಹೇಗೆ ಗೊತ್ತು?"

ಬೀಗದಣ್ಣ ಅಂಗಡಿಗೆ ಹೊತ್ತಾಯಿತೆಂದು ಓಡಿದ.

ಅಂಗಡಿಯಲ್ಲಿ ಅವನಿಗೊಂದು ಉಪಾಯ ಹೊಳೆಯಿತು. ನರ್ಸಮ್ಮನ ಭಯ ಹೋಗಬೇಕು, ಗುಟ್ಟೂ ಉಳಿಯಬೇಕು. ಹೆಸರಿಲ್ಲದ ಒಂದು ಪತ್ರ! ಅಕ್ಷರದ ಗುರುತು ಸಿಗದಂತೆ ಎಡಗೈಯಲ್ಲಿ ಬರೆದ. ಬಲಗೈ ಮಾಡಿದ್ದನ್ನು ಎಡಗೈಗೆ ತಿಳಿಸುತ್ತಿದ್ದೇನಲ್ಲ ಎಂದು ಒಂದು ಕ್ಷಣ ಅಳುಕಿದ, ಆದರೆ ಬೇರೆ ದಾರಿಯಿರಲಿಲ್ಲ. ಸಂಜೆ ಅದನ್ನು ನರ್ಸಮ್ಮನ ಬಾಗಿಲ ಕೆಳಗೆ ತೂರಿಸಿ ಬಂದು ನಿಟ್ಟುಸಿರುಬಿಟ್ಟ.

ಶುಕ್ರವಾರ ಬೆಳಿಗ್ಗೆ ಸೆಕ್ರೆಟರಿ ಮೆಟ್ಟಿಲ ಬಳಿ ಎಲ್ಲರನ್ನೂ ಕರೆದು ನಡುಗುವ ದನಿಯಲ್ಲಿ ಆ ಪತ್ರ ಓದಿದರು.

"ಅಮ್ಮಾ, ಹೆದರಬೇಡಿ. ನಿಮ್ಮ ಬಾಗಿಲು ತೆರೆದವನು ನಾನೇ. ಪ್ರೀತಿಯಿಂದಲೇ ತೆರೆದೆ. ಎರಡು ವರ್ಷದಿಂದ ದಿನವೂ ನಿಮ್ಮ ಹೆಜ್ಜೆಯ ಸದ್ದು ಕೇಳುತ್ತಿದ್ದೇನೆ. ನಾನು ಯಾರೆಂದು ಹುಡುಕಬೇಡಿ. ಪರಲೋಕದಲ್ಲಿ ಭೇಟಿಯಾಗೋಣ."

ಬರೆಯುವಾಗ ಎಷ್ಟು ಸಾಂತ್ವನದ ಮಾತುಗಳಾಗಿದ್ದವು! ಈಗ ಸೆಕ್ರೆಟರಿಯ ಬಾಯಲ್ಲಿ ಕೇಳಿದರೆ ಬೀಗದಣ್ಣನಿಗೇ ಮೈ ಜುಮ್ಮೆಂದಿತು.

"ಕೊಲೆಗಾರ!" ಎಂದರು ಸೆಕ್ರೆಟರಿಯವರ ಹೆಂಡತಿ. "ಇಂಥವನು ಗೇಟು ದಾಟಿ ಬಂದಿದ್ದಾನೆ ಅಂದ್ರೆ ಆ ತಾತ ಮಲಗಿದ್ದ ಅಂತಾನೇ ಅರ್ಥ!"

ಎಲ್ಲರೂ ಹೌದು ಹೌದು ಎಂದರು. ಶನಿವಾರ ಸಂಜೆ ಮೀಟಿಂಗ್. ತಾತನನ್ನು ಕೆಲಸದಿಂದ ತೆಗೆದು ಹೊಸಬನನ್ನು ಇಟ್ಟುಕೊಳ್ಳುವುದೆಂದು ನಿಂತಲ್ಲೇ ತೀರ್ಮಾನವಾಯಿತು.

ಬೀಗದಣ್ಣ ಅಂಗಡಿಗೆ ಹೊರಟಾಗ ತಾತ ಗೇಟು ತೆರೆಯಲು ಎಂದಿನಂತೆ ಎದ್ದು ನಿಂತ. ಮುಖ ಬಾಡಿತ್ತು.

"ಹದಿನಾರು ವರ್ಷ ಆಯ್ತಣ್ಣ ಈ ಗೇಟಲ್ಲಿ. ಬುಧವಾರ ನಾನು ರೆಪ್ಪೆ ಮುಚ್ಚಿಲ್ಲ. ಹೊರಗಿನವರು ಒಬ್ರೂ ಬರ್ಲಿಲ್ಲ. ಹೊತ್ತಲ್ಲದ ಹೊತ್ತಲ್ಲಿ ಬಂದವರು ನೀವೊಬ್ರೇ. ಅದನ್ನೇ ಹೇಳ್ದೆ. ಬೀಗದಣ್ಣನಂಥವರ ಮೇಲೆ ಬೊಟ್ಟು ತೋರಿಸ್ತೀಯಾ ಅಂತ ನನಗೇ ಉಗಿದ್ರು."

ಬೀಗದಣ್ಣನ ಒಳ್ಳೆಯ ಹೆಸರೇ ತಾತನ ಅನ್ನಕ್ಕೆ ಕಲ್ಲು ಹಾಕುತ್ತಿತ್ತು. ಅಂದು ಅಂಗಡಿಯಲ್ಲಿ ಅವನು ಒಂದೇ ಬಾಗಿಲಿಗೆ ಮೂರು ಸಲ ತಪ್ಪು ಕೀಲಿ ಮಾಡಿದ.

ಸಂಜೆ ಹೆಂಡತಿ ಬಚ್ಚಲಲ್ಲಿ ಅಂಗಿ ಉಜ್ಜುತ್ತಿದ್ದಳು. ಎರಡು ದಿನದಿಂದ ಅವಳೂ ಮಂಕಾಗಿದ್ದಳು. ಆರು ಗಂಟೆಯಾದರೆ ಬುಟ್ಟಿ ಎತ್ತಿಕೊಂಡು ಬಾಗಿಲವರೆಗೆ ಹೋಗುವುದು, ಏನೋ ಕಿವಿಗೊಟ್ಟು ಕೇಳುವುದು, ವಾಪಸ್ಸು ಬರುವುದು ಮಾಡುತ್ತಿದ್ದಳು. ಬೀಗದಣ್ಣ ಬಚ್ಚಲ ಬಾಗಿಲಿಗೆ ಒರಗಿ ನಿಂತ.

"ಏ ಇವಳೇ, ಒಬ್ಬ ಮನುಷ್ಯ ಗುಟ್ಟಾಗಿ ಒಂದು ಒಳ್ಳೇ ಕೆಲಸ ಮಾಡಿದ ಅಂತಿಟ್ಕೋ."

"ಯಾರು?"

"ಯಾರೋ ಒಬ್ಬ. ಬಾಯಿ ಬಿಟ್ರೆ ಮೇಲೆ ದೇವರ ಹತ್ರ ಸಿಗೋ ಪ್ರತಿಫಲ ಹೋಗತ್ತೆ. ಬಿಡದಿದ್ರೆ ಇನ್ನೊಬ್ಬನ ಕೆಲಸ ಹೋಗತ್ತೆ. ಏನು ಮಾಡ್ಬೇಕು ಅವನು?"

ಹೆಂಡತಿ ಅಂಗಿಯನ್ನು ಬಕೆಟಿಗೆ ಹಾಕಿದಳು. "ಗುಟ್ಟು ಇಟ್ಕೊಳ್ಳಿ ಅಂದಿದ್ದು ಹೊಗಳಿಕೆ ತಪ್ಪಿಸ್ಕೊಳ್ಳೋಕೆ ರೀ, ಬೈಗುಳ ತಪ್ಪಿಸ್ಕೊಳ್ಳೋಕಲ್ಲ. ಆ ಯಾರೋ ಒಬ್ಬನಿಗೆ ಹೇಳಿ. ಹಾಗೇ, ಬುಧವಾರ ಹಾಕ್ಕೊಂಡಿದ್ದ ಅಂಗಿ ತೋಳಿಗೆ ಎಣ್ಣೆ ಅಂಟಿದೆ, ಎಷ್ಟುಜ್ಜಿದ್ರೂ ಹೋಗ್ತಿಲ್ಲ ಅಂತಾನೂ ಹೇಳಿ."

ಶನಿವಾರ ಸಂಜೆ ನೆಲಮಹಡಿಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ಸಾಲಾಗಿ ಬಿದ್ದವು. ತಾತ ಟೋಪಿ ಕೈಯಲ್ಲಿ ಹಿಡಿದು ಕಂಬದ ಪಕ್ಕ ನಿಂತಿದ್ದ. ಸೆಕ್ರೆಟರಿ ಕನ್ನಡಕ ಏರಿಸಿ ಕಾಗದ ಬಿಡಿಸುತ್ತಿದ್ದಂತೆ ಬೀಗದಣ್ಣ ಎದ್ದ. ಬೇರೆಯವರ ಬಾಗಿಲು ಕೇಳದೆ ತೆರೆದವನ ಕೈಗೆ ಇನ್ನು ಯಾರು ಕೀಲಿ ಕೊಡುತ್ತಾರೆ? ಕಸುಬೇ ಹೋಗಬಹುದು. ಹೋಗಲಿ ಎಂದು ಹಲ್ಲು ಕಚ್ಚಿದ.

"ತಾತ ಮಲಗಿರ್ಲಿಲ್ಲ. ಆ ಕಳ್ಳ ನಾನೇ."

ಕುರ್ಚಿಗಳೆಲ್ಲ ಕಿರ್ ಎಂದವು.

"ನೀವಾ? ಇವರ ಬೀಗ ನಿಮಗ್ಯಾಕೆ ಬೇಕಿತ್ತು?" ಸೆಕ್ರೆಟರಿ ಕೇಳಿದರು.

"ರಿಪೇರಿ ಮಾಡೋಕೆ."

"ಯಾರು ಹೇಳಿದ್ರು?"

"ಯೇಸುಸ್ವಾಮಿ."

ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡರು. ನರ್ಸಮ್ಮ ಬ್ಯಾಂಡೇಜು ಸುತ್ತಿದ ಕೈ ಎತ್ತಿಕೊಂಡು ಎದ್ದರು. "ಪರಲೋಕದಲ್ಲಿ ಭೇಟಿಯಾಗೋಣ ಅಂತ ಬರೆದಿದ್ದು?"

"ಅದೂ ನಾನೇ. ಸಮಾಧಾನ ಆಗ್ಲಿ ಅಂತ."

"ಸಮಾಧಾನ! ಎರಡು ದಿನದಿಂದ ಬಾಗಿಲಿಗೆ ಸೋಫಾ ಅಡ್ಡ ಇಟ್ಕೊಂಡು ಕೂತಿದ್ದೀನಿ ನಾನು!"

"ತಪ್ಪಾಯ್ತಮ್ಮಾ. ಕೈ ಉಳುಕಿಸಿದ್ದಕ್ಕೂ, ಎರಡು ವರ್ಷ ಕೆಳಗೆ ಕೂತು ಆ ಸದ್ದಿಗೆ ನಕ್ಕಿದ್ದಕ್ಕೂ. ತಾತ, ನಿನ್ನ ಹತ್ರಾನೂ ಕ್ಷಮೆ ಕೇಳ್ತೀನಿ." ತಾತ ಟೋಪಿ ತಲೆಗೆ ಹಾಕಿಕೊಂಡು ಕಣ್ಣೊರೆಸಿಕೊಂಡ. ಸೆಕ್ರೆಟರಿ ಕಾಗದವನ್ನು ಸದ್ದಿಲ್ಲದೆ ಮಡಚಿ ಜೇಬಿಗೆ ಸೇರಿಸಿದರು. ಬೀಗದಣ್ಣನಿಗೆ ಎದೆ ಹಗುರವಾಯಿತು. ಅಷ್ಟಾದರೂ ಹೇಳದೆ ಇರಲಾಗಲಿಲ್ಲ. "ಆದ್ರೆ ಬೀಗ ಮಾತ್ರ ಈಗ ಬೆಣ್ಣೆ ಥರ ತೆರೆಯತ್ತೆ, ಅಲ್ವಾ ಅಮ್ಮಾ?"

"ತೆರೆಯಲಿ ಅಂತ ನಾನು ಕೇಳಿದ್ನಾ?" ನರ್ಸಮ್ಮ ಗದರಿದರು. "ಊರಲ್ಲಿ ಬೇರೆ ಬೀಗದವರಿಲ್ವಾ? ಒಬ್ಬ ಬಂದಿದ್ದ. ನಾನೇ ವಾಪಸ್ಸು ಕಳಿಸ್ದೆ. ಆ ಬಾಗಿಲು ಢಬ್ ಅಂದ್ರೆ ತಾನೇ ಇವಳು ಮೇಲೆ ಬರ್ತಿದ್ದಿದ್ದು!"

ಅವರು ಬೊಟ್ಟು ಮಾಡಿದ ಕಡೆ ಎಲ್ಲರೂ ತಿರುಗಿದರು. ಬೀಗದಣ್ಣನ ಹೆಂಡತಿ ಸೆರಗಿನ ತುದಿ ನೋಡುತ್ತಾ ಕೂತಿದ್ದಳು.

"ಬಾಗಿಲಿಗೆ ನನ್ನ ಜೊತೆ ಭುಜ ಕೊಡ್ತಿದ್ಲು. ಆಮೇಲೆ ನನ್ನ ಕಣ್ಣಿಗೆ ಔಷಧ ಹಾಕಿ, ಒಂದು ಅಧ್ಯಾಯ ಓದಿ, ಟೀ ಕುಡಿದು ಹೋಗ್ತಿದ್ಲು. ಎರಡು ವರ್ಷ. ಒಂದು ದಿನ ತಪ್ಪಿಸಿಲ್ಲ." ನರ್ಸಮ್ಮನ ದನಿ ಇಳಿಯಿತು. "ಈಗ ಬಾಗಿಲು ಸದ್ದೇ ಮಾಡಲ್ಲ. ಬಾ ಅಂತ ಕರೆದು ಅಭ್ಯಾಸ ಇಲ್ಲ ನನಗೆ."

ಬೀಗದಣ್ಣ ಬಾಯಿ ತೆರೆದುಕೊಂಡು ಹೆಂಡತಿಯನ್ನೇ ನೋಡಿದ. "ಮತ್ತೆ... ತಾರಸಿ ಮೇಲಿನ ಬಟ್ಟೆ?"

"ಇಬ್ಬರೇ ಇರೋ ಮನೇಲಿ ದಿನಾ ಒಂದು ಬುಟ್ಟಿ ಬಟ್ಟೆ ಎಲ್ಲಿಂದ ಬರತ್ತೆ ರೀ?"

"ನನಗೂ ಹೇಳ್ಲಿಲ್ವಲ್ಲೇ!"

"ನಿಮಗೆ ಹೇಳೋದೂ ಒಂದೇ, ಪೇಪರಿಗೆ ಹಾಕೋದೂ ಒಂದೇ."

ಕುರ್ಚಿಗಳ ಸಾಲಿನಲ್ಲಿ ನಗು ಎದ್ದಿತು. ಕಂಬದ ಪಕ್ಕದಲ್ಲಿದ್ದ ತಾತನೂ ನಕ್ಕ. ಬೀಗದಣ್ಣ ನಗಲೂ ಆಗದೆ ಅಳಲೂ ಆಗದೆ ಕೂತ. ತನ್ನ ನಾಲ್ಕು ದಿನದ ಗುಟ್ಟು ಇಡೀ ಕಟ್ಟಡವನ್ನು ಅಲ್ಲೋಲಕಲ್ಲೋಲ ಮಾಡಿತ್ತು. ಅವಳ ಎರಡು ವರ್ಷದ ಗುಟ್ಟಿಗೆ ಒಂದು ಬಟ್ಟೆಬುಟ್ಟಿ ಸಾಕಾಗಿತ್ತು. ಅವಳ ಮೇಲೆ ಅವನಿಗೆ ಹೇಳಲಾರದಷ್ಟು ಅಭಿಮಾನ ಬಂತು.

"ಸೋಮವಾರ ಸಂಜೆ ಬನ್ನಿ" ಎಂದರು ನರ್ಸಮ್ಮ. "ಈ ಸಲ ಬಾಗಿಲು ತಟ್ಟಿ ಬನ್ನಿ. ಬೀಗ ಮೊದಲಿದ್ದ ಹಾಗೇ ಮಾಡಿಕೊಡಿ."

ಸೋಮವಾರ ಸಂಜೆ ಬೀಗದಣ್ಣ ಬಾಗಿಲು ತಟ್ಟಿ, ಹೊಸ್ತಿಲಲ್ಲಿ ಮಂಡಿಯೂರಿ, ತನ್ನ ಒಳ್ಳೆಯ ಸ್ಪ್ರಿಂಗನ್ನು ಕಿತ್ತು, ಜೇಬಿನಿಂದ ಹಳೆಯ ಮುರುಕಲನ್ನು ತೆಗೆದು ಕೂರಿಸಿದ. ಒಳಗೆ ನರ್ಸಮ್ಮ ಮತ್ತು ಅವನ ಹೆಂಡತಿ ಟೀ ಕುಡಿಯುತ್ತಿದ್ದರು. ಮೂರನೇ ಕಪ್ಪು ಅವನಿಗಾಗಿ ಮುಚ್ಚಿಟ್ಟಿತ್ತು.

ನರ್ಸಮ್ಮ ಬಂದು, ಒಳ್ಳೆಯ ಕಡೆಯ ಭುಜ ಕೊಟ್ಟು ಪರೀಕ್ಷಿಸಿದರು. "ಸಾಲದು. ಇನ್ನೂ ಸ್ವಲ್ಪ ಕೆಡಿಸಿ."

ಅಷ್ಟರಲ್ಲಿ ಸೆಕ್ರೆಟರಿ ಮೆಟ್ಟಿಲು ಹತ್ತಿ ಬಂದರು. "ಏನು ಬೀಗದಣ್ಣ, ಮತ್ತೆ ಒಳ್ಳೇ ಕೆಲಸ ನಡೀತಾ ಇದ್ಯಾ?"

ಬೀಗದಣ್ಣ ತಲೆ ಎತ್ತಿದ. ಮೂವತ್ತು ವರ್ಷ ಪಳಗಿದ ಕೈಯಿಂದ ಚೆನ್ನಾಗಿದ್ದ ಬೀಗವನ್ನು ಕೆಡಿಸುತ್ತಿದ್ದೇನೆ ಎಂದು ಯಾವ ಬಾಯಲ್ಲಿ ಹೇಳುವುದು? ಸುಮ್ಮನೆ ಸ್ಕ್ರೂ ತಿರುಗಿಸಿದ. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೂ, ಬಸ್ ಸ್ಟಾಪಿನಲ್ಲೂ, ಪೇಪರ್ ಅಂಗಡಿಯ ಮುಂದೆಯೂ ಅವನು ಆ ಬೀಗದ ಮಾತೆತ್ತಲಿಲ್ಲ. ಬೀಗದಣ್ಣ ಜೀವಮಾನದಲ್ಲಿ ತುತ್ತೂರಿ ಊದದೆ ಮಾಡಿದ ಒಳ್ಳೆಯ ಕೆಲಸ ಅದೊಂದೇ!